ವೃದ್ಧಾಶ್ರಮ, ಪಾಲನಾ ಕೇಂದ್ರಗಳ ಕೆಲಸದವರಿಗೆ ಗುಂಪು ವಿಮೆ ಮತ್ತು ಸುರಕ್ಷತೆ: ಕಾಸರಗೋಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಎದುರು ‘ವಾಚ್‌ಮನ್’ ಎಂದು ಬರೆದಿತ್ತು. ರಾತ್ರಿ ಗೇಟು ಕಾಯುವುದು ಅವರ ಕೆಲಸ ಹೌದು. ಆದರೆ ಬೆಳಿಗ್ಗೆ ಮನೆಗೆ ಹೊರಡುವ ಮೊದಲು ಅಡುಗೆಗೆ ನಾಲ್ಕು ತೆಂಗಿನಕಾಯಿ ತೆಗೆದುಕೊಡುವವರೂ ಅವರೇ, ಪಂಪು ಕೈಕೊಟ್ಟಾಗ ಬಾವಿಗೆ ಇಳಿಯುವವರೂ ಅವರೇ. ಮಳೆಗಾಲದ ಒಂದು ಬೆಳಿಗ್ಗೆ ಒದ್ದೆ ಮರದಿಂದ ಜಾರಿ ಬಿದ್ದು ಅವರ ಹಿಮ್ಮಡಿಯ ಎಲುಬು ಮುರಿಯಿತು. ಪಾಲಿಸಿ ಇತ್ತು, ಪ್ರೀಮಿಯಂ ಕಟ್ಟಿತ್ತು. ಆದರೂ ವಿಮಾ ಕಂಪನಿಯಿಂದ ಬಂದ ಮೊದಲ ಪ್ರಶ್ನೆ, ‘ವಾಚ್‌ಮನ್ ಮರ ಹತ್ತಿದ್ದು ಯಾಕೆ?’ ಅದಕ್ಕೆ ಉತ್ತರ ಬರೆಯುತ್ತಾ, ಕಾಗದ ಹುಡುಕುತ್ತಾ ತಿಂಗಳುಗಳೇ ಕಳೆದವು. ಆ ತಿಂಗಳುಗಳಲ್ಲಿ ಅವರ ಮನೆಯ ಒಲೆ ಉರಿಯಬೇಕಿತ್ತಲ್ಲ.

ತಪ್ಪು ನಮ್ಮದೇ. ಅಂಗಳದಲ್ಲಿ ನಡೆಯುವ ಕೆಲಸ ಒಂದು, ಪುಸ್ತಕದಲ್ಲಿ ಬರೆದ ಕೆಲಸ ಇನ್ನೊಂದು. ಬದಿಯಡ್ಕ ಕಡೆಯ ಒಂದು ವೃದ್ಧಾಶ್ರಮದ ಲೆಕ್ಕಪತ್ರ ನೋಡಿಕೊಳ್ಳುತ್ತಾ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದು: ವಿಮೆಯೂ ಸುರಕ್ಷತೆಯೂ ಎರಡು ಬೇರೆ ಕೆಲಸಗಳಲ್ಲ. ಯಾರು, ಎಷ್ಟು ಹೊತ್ತಿಗೆ, ಏನು ಮಾಡುತ್ತಾರೆ ಎಂದು ಕಣ್ಣಾರೆ ನೋಡಿ ಬರೆದ ಒಂದೇ ಪಟ್ಟಿಯಿಂದ ಎರಡೂ ಹುಟ್ಟುತ್ತವೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಇಂಥ ಮನೆಗಳನ್ನು ನಡೆಸುವವರಲ್ಲಿ ಹೆಚ್ಚಿನವರು ಸೇವಾಭಾವದಿಂದ ಬಂದವರು, ಕಾನೂನು ಓದಿ ಬಂದವರಲ್ಲ. ಅವರಿಗೆ ಉಪಯೋಗವಾಗಲಿ ಎಂದು ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು: ಕಾನೂನು ನಮ್ಮಿಂದ ಕೇಳುವುದೇನು

ಕೆಲಸದ ವೇಳೆ, ಕೆಲಸದ ಕಾರಣಕ್ಕೆ ನೌಕರರಿಗೆ ಗಾಯವಾದರೆ ಪರಿಹಾರ ಕೊಡುವ ಹೊಣೆ ಕೆಲಸಕ್ಕೆ ಇಟ್ಟುಕೊಂಡವರದ್ದು. 1923ರಲ್ಲಿ ಬಂದ ಕಾಯ್ದೆ ಇದನ್ನು ಹೇಳಿತು. ಆಗ ಅದರ ಹೆಸರು ಕಾರ್ಮಿಕರ ಪರಿಹಾರ ಕಾಯ್ದೆ, 2010ರ ಜನವರಿಯಿಂದ ನೌಕರರ ಪರಿಹಾರ ಕಾಯ್ದೆ. ಈಗ ಅದರ ತಿರುಳು 2020ರ ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಸೇರಿದೆ. ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಹೆಸರು ಬದಲಾಗಿದೆ, ಹೊಣೆ ಬದಲಾಗಿಲ್ಲ. ನಮ್ಮ ತಪ್ಪಿದೆಯೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಗಾಯ ಕೆಲಸದಿಂದ ಆಯಿತೇ ಎಂಬುದಷ್ಟೇ ಪ್ರಶ್ನೆ.

‘ನಾವು ಲಾಭಕ್ಕೆ ನಡೆಸುವವರಲ್ಲ, ಟ್ರಸ್ಟು’ ಎಂದು ಹೇಳುವವರನ್ನು ಬಹಳ ಕಂಡಿದ್ದೇನೆ. ಆ ಮಾತು ಹೊಣೆಯನ್ನು ಇಳಿಸುವುದಿಲ್ಲ. ‘ಅವರು ದಿನಗೂಲಿಯವರು’ ಎಂಬುದೂ ಹಾಗೆಯೇ. ತಾತ್ಕಾಲಿಕ ಕೆಲಸದವರನ್ನು ಹೊರಗಿಡುತ್ತಿದ್ದ ಮಾತನ್ನು 2000ದ ತಿದ್ದುಪಡಿಯಲ್ಲೇ ತೆಗೆದುಹಾಕಿದ್ದಾರೆ. ಏಜೆನ್ಸಿಯ ಮೂಲಕ ಬಂದ ಹೋಮ್ ನರ್ಸ್‌ಗೆ ಗಾಯವಾದರೂ ಪರಿಹಾರದ ಕೇಳಿಕೆ ಮೊದಲು ನಮ್ಮ ಬಾಗಿಲಿಗೆ ಬರಬಹುದು. ಕೊಟ್ಟದ್ದನ್ನು ಏಜೆನ್ಸಿಯಿಂದ ವಸೂಲು ಮಾಡಿಕೊಳ್ಳುವುದು ಆಮೇಲಿನ ಮಾತು.

ಎಷ್ಟು ಕೊಡಬೇಕಾಗುತ್ತದೆ ಎಂಬುದನ್ನು ಟ್ರಸ್ಟಿನ ಸಭೆಯಲ್ಲಿ ಒಮ್ಮೆ ಬೋರ್ಡಿನ ಮೇಲೆ ಬರೆದು ತೋರಿಸಿ. ವಿಮೆ ಬೇಕೇ ಬೇಡವೇ ಎಂಬ ಚರ್ಚೆ ಅಲ್ಲಿಗೇ ನಿಲ್ಲುತ್ತದೆ. 40 ವರ್ಷದ, ತಿಂಗಳಿಗೆ 12,000 ರೂಪಾಯಿ ಸಂಬಳದ ಒಬ್ಬ ಆಯಾ ಎಂದು ಇಟ್ಟುಕೊಳ್ಳೋಣ. ಜೀವ ಹೋದರೆ ಸಂಬಳದ ಅರ್ಧವನ್ನು, ಅಂದರೆ 6,000ವನ್ನು, ವಯಸ್ಸಿಗೆ ಗೊತ್ತುಪಡಿಸಿದ ಅಂಶದಿಂದ ಗುಣಿಸಬೇಕು. 40ಕ್ಕೆ ಆ ಅಂಶ 184.17. ಮೊತ್ತ 11,05,020 ರೂಪಾಯಿ. ಇನ್ನೆಂದೂ ಯಾವ ಕೆಲಸವನ್ನೂ ಮಾಡಲಾಗದ ಪೂರ್ಣ ಅಂಗವೈಕಲ್ಯವಾದರೆ ಅರ್ಧದ ಬದಲು ಶೇಕಡಾ 60 ಹಿಡಿಯಬೇಕು: 13,26,024. ಹೆಬ್ಬೆರಳು ಪೂರ್ತಿ ಹೋದರೆ 1923ರ ಕಾಯ್ದೆಯ ಪಟ್ಟಿಯ ಪ್ರಕಾರ ಅದು ಶೇಕಡಾ 30 ನಷ್ಟ, ಅಂದರೆ ಸುಮಾರು 3,97,800. ವಯಸ್ಸು ಏರಿದಂತೆ ಅಂಶ ಇಳಿಯುತ್ತದೆ, 30ಕ್ಕೆ 207.98, 50ಕ್ಕೆ 153.09. ಸಂಬಳ ಎಷ್ಟೇ ಹೆಚ್ಚಿದ್ದರೂ ಲೆಕ್ಕಕ್ಕೆ ಹಿಡಿಯುವ ಮಿತಿ ತಿಂಗಳಿಗೆ 15,000 ಎಂದು 2020ರ ಜನವರಿ 3ರಿಂದ ಜಾರಿಯಾಯಿತು.

ಸ್ವಲ್ಪ ಕಾಲ ಮಾತ್ರ ಕೆಲಸಕ್ಕೆ ಬರಲಾಗದಿದ್ದರೆ, ಪ್ರತಿ ಹದಿನೈದು ದಿನಕ್ಕೆ ತಿಂಗಳ ಸಂಬಳದ ಕಾಲು ಭಾಗ. 12,000 ಸಂಬಳದವರಿಗೆ ಹದಿನೈದು ದಿನಕ್ಕೆ 3,000. ಇದರ ಮೇಲೆ ಚಿಕಿತ್ಸೆಯ ನಿಜವಾದ ಖರ್ಚು.

ಒಂದನೇ ಹಂತ: ಇ.ಎಸ್.ಐ. ಬರುತ್ತದೆಯೇ ನೋಡಿ

ಪಾಲಿಸಿ ಕೇಳಿಕೊಂಡು ಹೋಗುವ ಮೊದಲು ತಲೆ ಎಣಿಸಿ. ಅಡುಗೆಯವರು, ಆಯಾಗಳು, ನರ್ಸ್, ಡ್ರೈವರ್, ತೋಟದವರು, ಆಫೀಸಿನವರು ಸೇರಿ ಹತ್ತು ಅಥವಾ ಅದಕ್ಕಿಂತ ಹೆಚ್ಚಾದರೆ ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮಾ ಯೋಜನೆ, ನಿಮಗೆ ಅನ್ವಯಿಸುವ ಸಾಧ್ಯತೆ ಬಲವಾಗಿದೆ. ಅದು ಫ್ಯಾಕ್ಟರಿಗಳಿಗೆ ಮಾತ್ರ ಎಂಬ ಹಳೆಯ ನಂಬಿಕೆ ನಮ್ಮ ಕಡೆ ಇನ್ನೂ ಉಂಟು. ಸಂಬಳ 21,000ದ ಒಳಗಿನವರು ಇದಕ್ಕೆ ಸೇರುತ್ತಾರೆ. ಸಂಬಳದ ಶೇಕಡಾ 3.25 ನಾವು ಕಟ್ಟಬೇಕು, ಶೇಕಡಾ 0.75 ಅವರ ಸಂಬಳದಿಂದ ಹೋಗುತ್ತದೆ.

ನನ್ನನ್ನು ಕೇಳಿದರೆ, ಇ.ಎಸ್.ಐ. ಅನ್ವಯಿಸುವ ಕಡೆ ಅದನ್ನು ತಪ್ಪಿಸುವ ದಾರಿ ಹುಡುಕಬಾರದು. ಕೆಲಸದ ಗಾಯದಿಂದ ಮಲಗಿದ ದಿನಗಳಿಗೆ ಸಂಬಳದ ಸುಮಾರು ಶೇಕಡಾ 90 ಸಿಗುತ್ತದೆ, ಮನೆಯವರಿಗೂ ಔಷಧೋಪಚಾರ ಸಿಗುತ್ತದೆ, ಜೀವ ಹೋದರೆ ಅವಲಂಬಿತರಿಗೆ ತಿಂಗಳು ತಿಂಗಳು ಹಣ ಬರುತ್ತದೆ. ಒಂದೇ ಸಲ ಬರುವ ಹತ್ತು ಲಕ್ಷಕ್ಕಿಂತ ತಿಂಗಳ ಹಣ ಎಷ್ಟೋ ಮನೆಗಳಿಗೆ ಹೆಚ್ಚು ಆಧಾರ. ಇ.ಎಸ್.ಐ. ಅಡಿ ಬರುವ ನೌಕರರು ಅದೇ ಗಾಯಕ್ಕೆ ಪರಿಹಾರ ಕಾನೂನಿನಲ್ಲಿ ಮತ್ತೆ ಕೇಳುವಂತಿಲ್ಲ. ಹಾಗಾಗಿ ಅವರಿಗಾಗಿ ಪ್ರತ್ಯೇಕ ಪಾಲಿಸಿಯ ಪ್ರೀಮಿಯಂ ಕಟ್ಟುವುದು ವ್ಯರ್ಥ.

ಎಂಟೇ ಜನ ಇರುವ ಸಣ್ಣ ಮನೆಯಾದರೆ, ಅಥವಾ ಕೆಲವರ ಸಂಬಳ ಮಿತಿ ದಾಟಿದ್ದರೆ, ಆಗ ಬೇಕಾಗುವುದು ನೌಕರರ ಪರಿಹಾರ ಪಾಲಿಸಿ. ಏಜೆಂಟರು ಈಗಲೂ ಇದನ್ನು ಹಳೆಯ ಹೆಸರಿನಲ್ಲಿ ‘ಡಬ್ಲ್ಯು.ಸಿ. (ವರ್ಕ್‌ಮೆನ್ಸ್ ಕಾಂಪೆನ್ಸೇಶನ್) ಪಾಲಿಸಿ’ ಎಂದೇ ಕರೆಯುತ್ತಾರೆ. ಸರಕಾರಿ ವಲಯದ ನಾಲ್ಕು ಸಾಮಾನ್ಯ ವಿಮಾ ಕಂಪನಿಗಳಾದ ನ್ಯೂ ಇಂಡಿಯಾ, ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಇದನ್ನು ಕೊಡುತ್ತವೆ; ಖಾಸಗಿಯವರೂ ಕೊಡುತ್ತಾರೆ.

ಎರಡನೇ ಹಂತ: ಪಟ್ಟಿ

ಇದಕ್ಕೆ ಪೂರ್ತಿ ಒಂದು ದಿನ ಇಡಿ. ಬೆಳಿಗ್ಗೆ ಐದಕ್ಕೆ ಅಡುಗೆಮನೆಯ ದೀಪ ಹೊತ್ತುವಾಗ ಶುರು ಮಾಡಿ, ರಾತ್ರಿ ಕೊನೆಯ ಡಯಾಪರ್ ಬದಲಿಸುವವರೆಗೆ ಒಂದು ನೋಟುಪುಸ್ತಕ ಹಿಡಿದು ಜೊತೆಗಿರಿ. ಆಫೀಸಿನ ಕುರ್ಚಿಯಲ್ಲಿ ಕೂತು ಬರೆದ ಪಟ್ಟಿಯಿಂದ ನಮಗೆ ಆದ ಗತಿ ಹೇಳಿದೆನಲ್ಲ.

ಹೆಸರು, ವಯಸ್ಸು ಮತ್ತು ಅದರ ದಾಖಲೆ, ಸೇರಿದ ದಿನ, ಸಂಬಳ ಎಂಬ ಕಾಲಂಗಳು ಎಲ್ಲರಿಗೂ ಗೊತ್ತು. ಅದರ ಪಕ್ಕ ಇನ್ನೊಂದು ಅಗಲವಾದ ಕಾಲಂ ಬಿಡಿ, ‘ನಿಜವಾಗಿ ಮಾಡುವ ಕೆಲಸಗಳು’. ನಮ್ಮದರಲ್ಲಿ ಆ ದಿನ ಹೊರಬಿದ್ದವುಗಳಲ್ಲಿ ಕೆಲವು: ಅಡುಗೆಯ ಅಕ್ಕ ಗ್ಯಾಸ್ ಸಿಲಿಂಡರನ್ನು ಒಬ್ಬರೇ ಉರುಳಿಸಿ ತಂದು ಜೋಡಿಸುತ್ತಿದ್ದರು. ಆಫೀಸಿನ ಹುಡುಗ ತನ್ನ ಸ್ವಂತ ಬೈಕಿನಲ್ಲಿ ಪೆರ್ಲಕ್ಕೆ ಹೋಗಿ ಔಷಧಿ ತರುತ್ತಿದ್ದ. ಗುಡಿಸಿ ಒರೆಸಲು ಎಂದು ಬಂದವರು ಸಕ್ಕರೆ ಕಾಯಿಲೆಯ ಅಜ್ಜಂದಿರಿಗೆ ಇನ್ಸುಲಿನ್ ಚುಚ್ಚಿದ ಸೂಜಿಗಳನ್ನು ಬರಿಗೈಯಲ್ಲಿ ಎತ್ತುತ್ತಿದ್ದರು. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ನಾನು ಅದೇ ಕಟ್ಟಡದಲ್ಲಿ ಕೂರುವವನು.

ಸಂಬಳದ ಜೊತೆಗೆ ಊಟ, ವಸತಿ ಕೊಡುವುದಾದರೆ ಅದನ್ನೂ ಬರೆಯಿರಿ. ಅಲ್ಲೇ ಉಳಿದು ಕೆಲಸ ಮಾಡುವವರಿಗೆ ಕೈಗೆ 8,000 ಕೊಟ್ಟು, ಊಟದ ಬೆಲೆಯನ್ನು ಲೆಕ್ಕಕ್ಕೇ ತರದೆ ಬಿಟ್ಟರೆ ನಾಳೆ ಅವರ ಪರಿಹಾರವೂ 8,000ದ ಮೇಲೆಯೇ ನಿಲ್ಲುವ ಅಪಾಯ ಉಂಟು. ಪಾಲಿಸಿಗೆ ಯಾವ ಸಂಬಳ ತೋರಿಸಬೇಕು ಎಂದು ಕಂಪನಿಯನ್ನು ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ಪ್ರೀಮಿಯಂ ಉಳಿಸಲು ಸಂಬಳ ಕಡಿಮೆ ತೋರಿಸುವ ಸಲಹೆ ಯಾರಾದರೂ ಕೊಟ್ಟರೆ ಅವರನ್ನು ಅಲ್ಲಿಂದಲೇ ಕಳುಹಿಸಿ.

ಪಟ್ಟಿಗೆ ಬರದವರು ಇನ್ನೊಂದು ಗುಂಪು: ವಾರಕ್ಕೊಮ್ಮೆ ಬರುವ ಸ್ವಯಂಸೇವಕರು, ಕಾಲೇಜಿನ ಮಕ್ಕಳು, ಸಂಬಳವಿಲ್ಲದೆ ಸೇವೆ ಮಾಡುವವರು. ಅವರು ನೌಕರರಲ್ಲ, ಹಾಗಾಗಿ ಈ ಪಾಲಿಸಿ ಅವರಿಗಿಲ್ಲ. ಅವರಿಗೆ ಗುಂಪು ವೈಯಕ್ತಿಕ ಅಪಘಾತ ವಿಮೆ ಬೇರೆ ಮಾಡಿಸಬೇಕು. ಅಷ್ಟು ಹಣವಿಲ್ಲದಿದ್ದರೆ, ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗಾದರೂ ಎಲ್ಲರೂ ಸೇರುವಂತೆ ನೋಡಿಕೊಳ್ಳಿ. 18ರಿಂದ 70 ವರ್ಷದವರಿಗೆ ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ ಸಿಗುತ್ತದೆ. ಆದರೆ ಒಂದು ಮಾತು ಸ್ಪಷ್ಟವಿರಲಿ, ಸುರಕ್ಷಾ ಬಿಮಾವಾಗಲೀ ಅಪಘಾತ ವಿಮೆಯಾಗಲೀ ನಮ್ಮ ಕಾನೂನಿನ ಹೊಣೆಯನ್ನು ತೀರಿಸುವುದಿಲ್ಲ.

ಮೂರನೇ ಹಂತ: ಪಾಲಿಸಿ ಮಾಡಿಸುವಾಗ ಕೇಳಬೇಕಾದ್ದು

ಈ ಪಾಲಿಸಿಯಲ್ಲಿ ಪ್ರೀಮಿಯಂ ನಿರ್ಧಾರವಾಗುವುದು ಕೆಲಸದ ಬಗೆ ಮತ್ತು ವರ್ಷದ ಒಟ್ಟು ಸಂಬಳದ ಮೇಲೆ. ಆಯಾಗೆ ಒಂದು ದರ, ಡ್ರೈವರಿಗೆ ಒಂದು ದರ, ಮರ ಹತ್ತುವವರಿಗೆ ಇನ್ನೊಂದು. ಬಂದ ಮೊತ್ತದ ಮೇಲೆ ಶೇಕಡಾ 18 ಜಿ.ಎಸ್.ಟಿ. ಸೇರುತ್ತದೆ, ಅದನ್ನೂ ಬಜೆಟಿಗೆ ಹಾಕಿಕೊಳ್ಳಿ.

ಎರಡು ಮೂರು ಕಂಪನಿಗಳಿಂದ ದರಪಟ್ಟಿ ತರಿಸಿದಾಗ ಅತಿ ಕಡಿಮೆಯದ್ದನ್ನು ಆರಿಸುವ ಆತುರ ಬೇಡ. ಮೊದಲಿಗೆ ಚಿಕಿತ್ಸೆಯ ಖರ್ಚು. ಕಾನೂನು ನಿಜವಾದ ಖರ್ಚು ಪೂರ್ತಿ ಕೊಡಬೇಕು ಎನ್ನುತ್ತದೆ, ಆದರೆ ಪಾಲಿಸಿಯಲ್ಲಿ ಅದಕ್ಕೆ ಮಿತಿ ಇರುತ್ತದೆ, ಕೆಲವೊಮ್ಮೆ ಆ ಭಾಗವೇ ಇರುವುದಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಸೊಂಟದ ಮೂಳೆಯ ಆಪರೇಷನ್ನಿಗೆ ಎಷ್ಟಾಗುತ್ತದೆ ಎಂದು ವಿಚಾರಿಸಿ, ಒಬ್ಬೊಬ್ಬರ ಮಿತಿ ಅಷ್ಟಾದರೂ ಇರಲಿ. ಎರಡನೆಯದು ಕೆಲಸದಿಂದ ಬರುವ ಕಾಯಿಲೆ. ಪಾಲನಾ ಮನೆಯಲ್ಲಿ ಬೀಳುವುದಕ್ಕಿಂತ ಸೋಂಕಿನ ಭಯವೇ ಹೆಚ್ಚು. ಅದು ಪಾಲಿಸಿಯ ಒಳಗೆ ಉಂಟೋ ಎಂದು ಕೇಳಿ. ಮೂರನೆಯದು ಗುತ್ತಿಗೆಯ ಮೇಲೆ ಬಂದವರು; ಅವರೂ ಪಾಲಿಸಿಯ ಒಳಗೆ ಬರುತ್ತಾರೋ ಎಂದು ಕೇಳಿ.

ನಾಲ್ಕನೆಯದು ದಾರಿ. ಮನೆಯಿಂದ ಕೆಲಸಕ್ಕೆ ಬರುವಾಗ, ಕೆಲಸ ಮುಗಿಸಿ ಹಿಂದಿರುಗುವಾಗ ಆಗುವ ಅಪಘಾತಕ್ಕೂ, ಹೊತ್ತು ಮತ್ತು ಜಾಗಕ್ಕೆ ಕೆಲಸದ ಜೊತೆ ನಂಟಿದ್ದರೆ, ಹೊಸ ಸಂಹಿತೆಯಲ್ಲಿ ಪರಿಹಾರ ಉಂಟು. ವಿಟ್ಲ, ಅಡ್ಯನಡ್ಕದಿಂದ ಬೆಳಗಿನ ಬಸ್ಸಿಗೆ ಬರುವವರು, ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಕತ್ತಲೆಯಲ್ಲಿ ನಡೆದು ಬರುವವರು ನಮ್ಮಲ್ಲಿ ಎಷ್ಟು ಜನ! ಪಾಲಿಸಿಯ ಭಾಷೆ ಹಳೆಯದೇ ಉಳಿದಿದ್ದರೆ ಇದನ್ನು ಸೇರಿಸಿ ಬರೆಸಿ.

ಇನ್ನೊಂದು ಸೂಕ್ಷ್ಮ ಉಂಟು. ಪರಿಹಾರ ಕಾನೂನು ಕೆಲಸಗಳ ಒಂದು ಪಟ್ಟಿಯನ್ನು ಆಧರಿಸಿದೆ. ಆಫೀಸಿನ ಗುಮಾಸ್ತರೋ ಆಪ್ತ ಸಮಾಲೋಚಕರೋ ಆ ಪಟ್ಟಿಗೆ ಬರುವುದಿಲ್ಲ ಎಂದು ಮುಂದೆ ವಾದ ಏಳಬಹುದು. ಆದ್ದರಿಂದ ಪಾಲಿಸಿಯ ಅನುಬಂಧದಲ್ಲಿ ನಿಮ್ಮ ಮನೆಯ ಪ್ರತಿಯೊಂದು ಹುದ್ದೆಯೂ ಹೆಸರು ಹೇಳಿ ಸೇರಿರಲಿ. ‘ಕಾವಲು, ತೆಂಗಿನಕಾಯಿ ತೆಗೆಯುವುದು, ಪಂಪ್ ನಿರ್ವಹಣೆ’ ಎಂದು ಮೂರನ್ನೂ ಬರೆಸಲು ನಮಗೆ ಹೆಚ್ಚು ಖರ್ಚಾದದ್ದು ಅಲ್ಪ.

ಹತ್ತಿರದ ನಾಲ್ಕೈದು ಆಶ್ರಮಗಳು ಸೇರಿ ಒಂದೇ ಪಾಲಿಸಿ ಮಾಡಬಹುದೇ ಎಂದು ಕೇಳುವವರಿದ್ದಾರೆ. ಒಂದೇ ಟ್ರಸ್ಟಿನ ಬೇರೆ ಬೇರೆ ಮನೆಗಳಾದರೆ, ವಿಳಾಸಗಳನ್ನೆಲ್ಲ ತೋರಿಸಿ ಒಂದೇ ಪಾಲಿಸಿ ಮಾಡಬಹುದು. ಟ್ರಸ್ಟುಗಳು ಬೇರೆಯಾದರೆ ಪ್ರತಿಯೊಂದೂ ಬೇರೆ ಮಾಲೀಕ, ಹೊಣೆಯೂ ಬೇರೆ. ವಿಮೆ ಮಾಡಿಸುವುದಕ್ಕೆಂದೇ ಒಂದು ಗುಂಪು ಕಟ್ಟಿಕೊಳ್ಳುವುದನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಒಪ್ಪುವುದಿಲ್ಲ. ಒಟ್ಟಿಗೆ ಹೋಗಿ ದರ ಮಾತಾಡಿ, ಪಾಲಿಸಿ ಬೇರೆ ಬೇರೆ ಮಾಡಿಸಿ. ಒಟ್ಟಾಗಿ ಮಾಡಲು ಅದಕ್ಕಿಂತ ಒಳ್ಳೆಯ ಕೆಲಸ ತರಬೇತಿ.

ನಾಲ್ಕನೇ ಹಂತ: ಗಾಯವಾಗದಂತೆ ನೋಡಿಕೊಳ್ಳುವುದು

ಎಲ್ಲಕ್ಕಿಂತ ಹೆಚ್ಚು ಕೆಲಸದವರನ್ನು ಮನೆಗೆ ಕಳುಹಿಸುವುದು ಬೆನ್ನುನೋವು. ಮಂಚದಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ಕಕ್ಕಸಿಗೆ, ಮತ್ತೆ ಮಂಚಕ್ಕೆ ದಿನಕ್ಕೆ ಎಷ್ಟು ಸಲವೋ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಮುಖ ಉಂಟು. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕದ ಊರುಗಳಲ್ಲಿ, ಎಣ್ಮಕಜೆ, ಬೆಳ್ಳೂರು ಕಡೆಗಳಲ್ಲಿ, ಆಗ ಅದಕ್ಕೆ ತುತ್ತಾದ ಮಕ್ಕಳು ಈಗ ಬೆಳೆದ ಗಂಡಸರು, ಹೆಂಗಸರು. ವಿಶೇಷ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಗಳಲ್ಲಿ, ಪಾಲನಾ ಕೇಂದ್ರಗಳಲ್ಲಿ ಅವರನ್ನು ಎತ್ತುವ ಆಯಾಗಳಿಗೆ ವಯಸ್ಸಾಗುತ್ತಿದೆ, ಎತ್ತಬೇಕಾದ ದೇಹದ ಭಾರ ಹೆಚ್ಚಾಗುತ್ತಿದೆ.

ಎತ್ತುವುದನ್ನು ಆದಷ್ಟು ಎಳೆಯುವುದಕ್ಕೆ ಬದಲಿಸಿ. ದಪ್ಪ ಬೆಡ್‌ಶೀಟೊಂದನ್ನು ಎರಡಾಗಿ ಮಡಚಿ, ಮಲಗಿದವರ ಹೆಗಲಿನಿಂದ ತೊಡೆಯವರೆಗೆ ಅಡಿಯಲ್ಲಿ ಹಾಸಿ. ಆಚೆ ಈಚೆ ಒಬ್ಬೊಬ್ಬರು ನಿಂತು, ಅಂಚನ್ನು ಮೈಗೆ ಹತ್ತಿರ ಸುರುಳಿ ಸುತ್ತಿ ಹಿಡಿದು, ಮೊಣಕಾಲು ಸ್ವಲ್ಪ ಬಗ್ಗಿಸಿ, ಸೊಂಟ ತಿರುಚದೆ ಸರಿಸಬೇಕು. ಮಂಚ ತಗ್ಗಾಗಿದ್ದರೆ ಕಾಲಿನ ಅಡಿ ಮರದ ಅಡ್ಡೆ ಕೊಟ್ಟು ಕೆಲಸ ಮಾಡುವವರ ಸೊಂಟದ ಎತ್ತರಕ್ಕೆ ತನ್ನಿ; ಆದರೆ ತಾವಾಗಿ ಇಳಿದು ನಡೆಯುವ ಅಜ್ಜಿಯ ಮಂಚವನ್ನು ಎತ್ತರಿಸಬೇಡಿ, ಅವರು ಬೀಳುತ್ತಾರೆ. ಗಾಲಿಕುರ್ಚಿಯ ಬ್ರೇಕು ಹಾಕಿದ್ದೇ ಎಂದು ಕಣ್ಣಿನಲ್ಲಲ್ಲ, ಕಾಲಿನಲ್ಲಿ ತಳ್ಳಿ ನೋಡಬೇಕು.

ಇಲ್ಲಿ ನಮ್ಮೂರಿನದ್ದೇ ಒಂದು ತೊಡಕು ಕಂಡಿತು. ಇಬ್ಬರು ಒಟ್ಟಿಗೆ ಎತ್ತುವಾಗ ಎಣಿಸಬೇಕಲ್ಲ. ಒಬ್ಬರು ತುಳುವಿನಲ್ಲಿ ‘ಒಂಜಿ, ರಡ್ಡ್, ಮೂಜಿ’ ಎನ್ನುತ್ತಿದ್ದರು, ಇನ್ನೊಬ್ಬರು ಮನಸ್ಸಿನಲ್ಲೇ ಮಲಯಾಳದಲ್ಲಿ ‘ಒನ್ನ್, ರಂಡ್, ಮೂನ್ನ್’ ಎಣಿಸುತ್ತಿದ್ದರು. ಒಬ್ಬರು ಮೂರು ಅನ್ನುವಾಗ ಎತ್ತಿದರೆ ಇನ್ನೊಬ್ಬರು ಮೂರು ಅಂದ ಮೇಲೆ ಎತ್ತುತ್ತಿದ್ದರು. ಆ ಅರ್ಧ ಕ್ಷಣದಲ್ಲಿ ಪೂರ್ತಿ ಭಾರ ಒಬ್ಬರ ಬೆನ್ನಿನ ಮೇಲೆ. ಈಗ ತಲೆಯ ಬದಿಯವರು ಮಾತ್ರ ಗಟ್ಟಿಯಾಗಿ ಎಣಿಸುತ್ತಾರೆ, ‘ಎತ್ತ್’ ಎಂಬ ಶಬ್ದಕ್ಕೇ ಎಲ್ಲರೂ ಎತ್ತುತ್ತಾರೆ. ಒಡಿಶಾದಿಂದ ಬಂದ ಹುಡುಗನೂ ಆ ಒಂದು ಶಬ್ದವನ್ನು ಮೊದಲ ದಿನವೇ ಕಲಿತ.

ಅಡುಗೆಮನೆ ಎರಡನೆಯದು. ಮೂವತ್ತು ಜನರಿಗೆ ಕುಚ್ಚಲಕ್ಕಿ ಅನ್ನ ಬೇಯಿಸಿ, ಆ ದೊಡ್ಡ ಪಾತ್ರೆಯನ್ನು ಒಲೆಯಿಂದ ಇಳಿಸಿ, ಓರೆ ಮಾಡಿ ತಿಳಿ ಬಸಿಯುವ ಹೊತ್ತು ಇಡೀ ದಿನದ ಅತಿ ಅಪಾಯದ ಹೊತ್ತು. ಒಬ್ಬರೇ ಇಳಿಸಬಾರದು ಎಂದು ನಿಯಮ ಮಾಡಿ. ಅದಕ್ಕಿಂತ ಒಳ್ಳೆಯದು, ಪಾತ್ರೆ ಅಲುಗದಂತೆ ಒಲೆಯ ಮೇಲೆಯೇ ಇಟ್ಟು ತೂತಿನ ಸೌಟಿನಲ್ಲಿ ಅನ್ನ ತೋಡಿ ಬುಟ್ಟಿಗೆ ಹಾಕುವುದು. ಒಂದೆರಡು ಸಣ್ಣ ಪಾತ್ರೆಗಳಲ್ಲಿ ಬೇಯಿಸುವುದೂ ಆದೀತು. ತಿಳಿ ಕಾಲ ಮೇಲೆ ಬಿದ್ದರೆ ತಕ್ಷಣ ಹರಿಯುವ ತಣ್ಣೀರಿನ ಅಡಿ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟು, ಶಾಯಿ, ಐಸು ಯಾವುದೂ ಬೇಡ. 20 ನಿಮಿಷ ಎಂಬುದು ಬಹಳ ದೀರ್ಘ. ಗಡಿಯಾರ ನೋಡಿಯೇ ಹಿಡಿಯಿರಿ.

ಸೂಜಿಯ ವಿಷಯದಲ್ಲಿ ರಿಯಾಯಿತಿ ಬೇಡವೇ ಬೇಡ. ಇನ್ಸುಲಿನ್ ಕೊಟ್ಟ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗುವಾಗಲೇ ಬೆರಳಿಗೆ ಚುಚ್ಚುವುದು. ಮುಚ್ಚಳ ಹಾಕದೆ ನೇರವಾಗಿ ಗಟ್ಟಿ ಡಬ್ಬಿಗೆ ಹಾಕಿ, ಡಬ್ಬಿ ಮಂಚದ ಪಕ್ಕಕ್ಕೇ ಹೋಗಬೇಕು. ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳ ಪ್ರಕಾರ ಸೂಜಿಗೆ ಚುಚ್ಚಿ ತೂತಾಗದ ಬಿಳಿ ಡಬ್ಬಿ. ಚುಚ್ಚಿತೆಂದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ಬಾಯಿಗೆ ಹಾಕಬೇಡಿ, ಆಮೇಲೆ ಗಂಟೆ ಎರಡು ಗಂಟೆಯೊಳಗೆ ಆಸ್ಪತ್ರೆ. ಎಚ್.ಐ.ವಿ. ತಡೆಯುವ ಮಾತ್ರೆ 72 ಗಂಟೆ ಕಳೆದರೆ ಪ್ರಯೋಜನವಿಲ್ಲ. ಮೊದಲೇ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ: ಇಂದು ಒಂದು, ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಮೂರನೆಯದು. ಗುಡಿಸುವವರಿಗೂ, ಬಟ್ಟೆ ಒಗೆಯುವವರಿಗೂ. ಬೆಡ್‌ಶೀಟಿನ ಮಡಿಕೆಯಲ್ಲಿ ಸಿಕ್ಕಿಕೊಂಡ ಸೂಜಿ ಚುಚ್ಚುವುದು ಅವರಿಗೇ.

ಮಳೆಗಾಲ ನಮ್ಮ ಕಡೆ ನಾಲ್ಕು ತಿಂಗಳು. ಕೆಂಪುಕಲ್ಲಿನ ಮೆಟ್ಟಿಲು, ಬಾವಿಕಟ್ಟೆ, ಬಟ್ಟೆ ಒಗೆಯುವ ಕಲ್ಲಿನ ಸುತ್ತ ಪಾಚಿ ಕಟ್ಟುತ್ತದೆ. ಮೇ ಕೊನೆಯ ವಾರ ಮತ್ತು ಆಮೇಲೆ ಹದಿನೈದು ದಿನಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ, ಓಡಾಡುವ ದಾರಿಗೆ ಹಿಡಿಕೆ ಹಾಕಿಸಿ. ಹವಾಯಿ ಚಪ್ಪಲಿ ಸವೆದವರಿಗೆ ಹಿಡಿತದ ರಬ್ಬರ್ ಚಪ್ಪಲಿ ಆಶ್ರಮದ ಖರ್ಚಿನಲ್ಲೇ ಕೊಡಿ. ಕೊಚ್ಚೆಗೆ ಇಳಿಯುವವರಿಗೆ ಇಲಿಜ್ವರದ ಭಯ. ಗಂಬೂಟು ಕೊಡಿ, ಡಾಕ್ಸಿಸೈಕ್ಲಿನ್ ಮಾತ್ರೆಯ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ. ಬಿಸಿನೀರಿನ ಹೀಟರ್, ಪಂಪುಗಳ ಲೈನಿಗೆ 30 ಮಿಲಿಆಂಪಿಯರಿನ ವಿದ್ಯುತ್ ಸೋರಿಕೆ ತಡೆಯುವ ಸ್ವಿಚ್ ಹಾಕಿಸಿ. ಸೆಪ್ಟಿಕ್ ಟ್ಯಾಂಕಿನೊಳಗೆ ಯಾರನ್ನೂ ಇಳಿಸಬೇಡಿ. ಸುರಕ್ಷಾ ಸಾಧನಗಳಿಲ್ಲದೆ ಹಾಗೆ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ, ಒಳಗಿನ ಅನಿಲ ಒಂದು ಉಸಿರಿಗೇ ಕೊಲ್ಲುತ್ತದೆ. ಮರ ಹತ್ತಲು ಮಳೆಯ ದಿನ ಪೂರ್ತಿ ನಿಷೇಧ. ನಾವು ಈಗ ಮೇ ತಿಂಗಳಲ್ಲೇ ಕಾಯಿ ತೆಗೆಸಿ ಅಟ್ಟದಲ್ಲಿ ರಾಶಿ ಹಾಕುತ್ತೇವೆ.

ಮರೆವಿನ ಕಾಯಿಲೆಯ ಅಜ್ಜ ಸ್ನಾನದ ಹೊತ್ತಿಗೆ ಕಚ್ಚುವುದು, ಹೊಡೆಯುವುದು ಉಂಟು. ಅದನ್ನು ಹೇಳಿಕೊಳ್ಳಲು ಆಯಾಗಳಿಗೆ ನಾಚಿಕೆ, ನಮಗೆ ಕೇಳಲು ಪುರುಸೊತ್ತಿಲ್ಲ. ಕಚ್ಚಿದ ಗಾಯವೂ ಕೆಲಸದ ಗಾಯವೇ, ಪುಸ್ತಕದಲ್ಲಿ ಬರೆಯಬೇಕು. ನಾಲ್ಕು ಸಲ ಬರೆದ ಮೇಲೆ ನಮಗೆ ಕಂಡದ್ದು: ಆ ಅಜ್ಜ ಹೊಡೆಯುತ್ತಿದ್ದದ್ದು ತಲೆಗೆ ನೀರು ಸುರಿದಾಗ ಮಾತ್ರ. ಕಾಲಿನಿಂದ ಶುರು ಮಾಡಿದೆವು, ‘ಅಜ್ಜ, ಈಗ ನೀರು ಹಾಕ್ತೇನೆ’ ಎಂದು ಮೊದಲೇ ಹೇಳಿದೆವು. ಹೊಡೆತ ಬಹುಪಾಲು ನಿಂತಿತು.

ಇದಕ್ಕಾಗಿಯೇ ಒಂದು ಗಾಯದ ಪುಸ್ತಕ ಬೇಕು. ಗಾಯವಾಗದೆ ತಪ್ಪಿಹೋದದ್ದನ್ನೂ, ಅಂದರೆ ಜಾರಿ ಸಾವರಿಸಿಕೊಂಡದ್ದು, ಸಿಲಿಂಡರ್ ವಾಸನೆ ಬಂದದ್ದು, ಎಲ್ಲವನ್ನೂ ಬರೆಯಲಿ. ಕನ್ನಡದಲ್ಲೋ ಮಲಯಾಳದಲ್ಲೋ ಬರೆಯುವವರಿಗೆ ಬಂದ ಭಾಷೆಯಲ್ಲಿ. ಬರೆದವರನ್ನು ಒಂದೇ ಒಂದು ಸಲ ಗದರಿದರೂ ಆ ಪುಸ್ತಕ ಖಾಲಿಯಾಗಿ ಉಳಿಯುತ್ತದೆ. ತಿಂಗಳಿಗೊಮ್ಮೆ ಚಹಾದ ಹೊತ್ತಿಗೆ ಎಲ್ಲರೂ ಕೂತು ಅದನ್ನು ಓದಿ.

ಐದನೇ ಹಂತ: ಗಾಯವಾದ ದಿನ

ಮೊದಲು ಚಿಕಿತ್ಸೆ, ಕಾಗದ ಆಮೇಲೆ. ಆಂಬುಲೆನ್ಸಿಗೆ 108. ಯಾವ ಆಸ್ಪತ್ರೆ ಎಂಬುದನ್ನು ಮೊದಲೇ ನಿರ್ಧರಿಸಿಡಿ, ಎರಡು ಹೆಸರು ಇರಲಿ. ನಮ್ಮ ಕಡೆಯವರಿಗೆ ಮಂಗಳೂರು ಎಂದರೆ ಸಲೀಸು. ಆದರೆ 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿ ಗಡಿ ಮುಚ್ಚಿ ಆಂಬುಲೆನ್ಸುಗಳು ಹಿಂದಿರುಗಿದ ದಿನಗಳನ್ನು ಕಂಡವರು ನಾವು. ಕಾಸರಗೋಡಿನ ಜನರಲ್ ಆಸ್ಪತ್ರೆಯಂಥ ಗಡಿಯ ಈಚೆಯ ಒಂದು ಹೆಸರು ಖಂಡಿತ ಇರಲಿ. ಈ ಪಾಲಿಸಿಯಲ್ಲಿ ಸಾಮಾನ್ಯವಾಗಿ ಖರ್ಚು ಮೊದಲು ನಾವೇ ಹಾಕಿ ಆಮೇಲೆ ಪಡೆಯಬೇಕು, ಹಾಗಾಗಿ ಬೇಗ ಕೈಗೆ ಸಿಗುವಂತೆ ಒಂದಷ್ಟು ಹಣ ಬೇರೆ ಇಟ್ಟಿರಿ. ‘ಕೆಲಸ ಮಾಡುವಾಗ ಆದ ಗಾಯ’ ಎಂದು ವೈದ್ಯರ ಮೊದಲ ಚೀಟಿಯಲ್ಲೇ ಬರೆಯಿಸಿ. ‘ಮನೆಯಲ್ಲಿ ಬಿದ್ದದ್ದು’ ಎಂದು ಯಾರೋ ಆತುರದಲ್ಲಿ ಹೇಳಿ, ಅದೇ ದಾಖಲಾಗಿ, ಕ್ಲೇಮು ಕೆಡುತ್ತದೆ.

ಅದೇ ದಿನ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ನೋಡಿದವರ ಹೇಳಿಕೆ, ಜಾಗದ ಫೋಟೋ, ಆ ತಿಂಗಳ ಹಾಜರಿ ಮತ್ತು ಸಂಬಳ ಪಟ್ಟಿಯ ಪ್ರತಿ, ವಯಸ್ಸಿನ ದಾಖಲೆ ಒಂದೇ ಫೈಲಿನಲ್ಲಿರಲಿ. ಜೀವ ಹೋದರೆ ಅಥವಾ ಗಂಭೀರ ಗಾಯವಾದರೆ ಏಳು ದಿನದೊಳಗೆ ಪರಿಹಾರ ಆಯುಕ್ತರಿಗೆ (ಹೊಸ ಸಂಹಿತೆಯಲ್ಲಿ ಇವರ ಹೆಸರು ‘ಸಕ್ಷಮ ಪ್ರಾಧಿಕಾರಿ’) ವರದಿ ಹೋಗಬೇಕು. ಎಲ್ಲಿಗೆ, ಯಾರಿಗೆ ಎಂಬುದನ್ನು ಗಾಯವಾಗುವ ಮೊದಲೇ ಜಿಲ್ಲಾ ಕಾರ್ಮಿಕ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ. ಅರ್ಜಿ, ಪತ್ರ ಕನ್ನಡದಲ್ಲೇ ಕೊಡಿ. ಇಲ್ಲಿಯ ಕನ್ನಡಿಗರಿಗೆ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾನೂನೇ ಕೊಟ್ಟಿದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಜೀವ ಹೋದಾಗ ಊರ ಹಿರಿಯರನ್ನು ಕೂರಿಸಿ, ಮನೆಯವರ ಕೈಗೆ ಒಂದಿಷ್ಟು ಹಣ ಕೊಟ್ಟು, ಕಾಗದಕ್ಕೆ ಸಹಿ ಹಾಕಿಸಿ ಮುಗಿಸುವ ಪದ್ಧತಿ ಉಂಟು. ಅದು ಕಾನೂನಿನ ಕಣ್ಣಿನಲ್ಲಿ ಪರಿಹಾರವೇ ಅಲ್ಲ. ಮರಣದ ಪರಿಹಾರವನ್ನು ಆಯುಕ್ತರಲ್ಲೇ ಠೇವಣಿ ಇಡಬೇಕು, ಹಂಚುವವರು ಅವರು. ‘ಇನ್ನು ಕೇಳುವುದಿಲ್ಲ’ ಎಂದು ನೌಕರರಿಂದ ಬರೆಸಿಕೊಂಡ ಕಾಗದಕ್ಕೂ ಬೆಲೆಯಿಲ್ಲ. ಹಣ ಕೊಡಬೇಕಾದ ದಿನದಿಂದ ಒಂದು ತಿಂಗಳು ಮೀರಿದರೆ ಶೇಕಡಾ 12 ಬಡ್ಡಿ, ಸಕಾರಣವಿಲ್ಲದೆ ತಡವಾದರೆ ಅರ್ಧದಷ್ಟರವರೆಗೆ ದಂಡ ಬೀಳಬಹುದು. ಆ ದಂಡ ವಿಮೆಯಿಂದ ಬರುವುದಿಲ್ಲ, ಟ್ರಸ್ಟಿನ ಕಿಸೆಯಿಂದಲೇ ಹೋಗಬೇಕು.

ಕೆಲಸಕ್ಕೆ ಸೇರಿದ ದಿನವೇ ನೌಕರರಿಗೆ ಪರಿಹಾರದ ಹಕ್ಕಿನ ಬಗ್ಗೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ತಿಳಿಸಬೇಕು ಎಂದು 2017ರ ತಿದ್ದುಪಡಿ ಹೇಳಿತು. ತಪ್ಪಿದರೆ 50,000ದಿಂದ ಒಂದು ಲಕ್ಷದವರೆಗೆ ದಂಡ ಎಂದೂ ಅದರಲ್ಲಿತ್ತು. ನಾವು ಒಂದು ಹಾಳೆ ಮಾಡಿದ್ದೇವೆ, ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ಓದಲು ಬಾರದವರಿಗೆ ಓದಿ ಹೇಳುತ್ತೇವೆ.

ಆರನೇ ಹಂತ: ನವೀಕರಣ

ವರ್ಷದ ಕೊನೆಗೆ ಕಂಪನಿ ನಿಜವಾಗಿ ಕೊಟ್ಟ ಸಂಬಳದ ಲೆಕ್ಕ ಕೇಳುತ್ತದೆ. ಹೊಸಬರು ಸೇರಿದ್ದರೆ, ಸಂಬಳ ಏರಿದ್ದರೆ ವ್ಯತ್ಯಾಸ ಕಟ್ಟಬೇಕು. ಜನ ಕಡಿಮೆಯಾಗಿದ್ದರೆ ಹಿಂದಕ್ಕೂ ಬರಬಹುದು. ನಡುವೆ ಯಾರಾದರೂ ಸೇರಿದರೆ ಆ ವಾರವೇ ತಿಳಿಸಿ, ವರ್ಷ ಮುಗಿಯಲು ಕಾಯಬೇಡಿ. ಗಾಯದ ಪುಸ್ತಕ ಮತ್ತು ತರಬೇತಿಯ ದಾಖಲೆ ಕೈಯಲ್ಲಿದ್ದರೆ ದರದ ಬಗ್ಗೆ ಮಾತಾಡಲು ನಮಗೊಂದು ಬಲ.

ನಾವು ನವೀಕರಣದ ತಾರೀಕನ್ನು ಬೇಕೆಂದೇ ಮೇ ತಿಂಗಳಿಗೆ ತಂದಿದ್ದೇವೆ. ಪಾಚಿ ಉಜ್ಜುವುದು, ಕಾಯಿ ತೆಗೆಸುವುದು, ವಯರಿಂಗ್ ನೋಡಿಸುವುದು, ನೋಟುಪುಸ್ತಕ ಹಿಡಿದು ಬೆಳಿಗ್ಗೆ ಐದರಿಂದ ಮನೆ ಸುತ್ತುವುದು, ಪಟ್ಟಿ ತಿದ್ದುವುದು ಎಲ್ಲ ಒಂದೇ ವಾರದಲ್ಲಿ ನಡೆಯುತ್ತದೆ. ವಾಚ್‌ಮನ್ ಅಣ್ಣ ಈಗ ಮರ ಹತ್ತುವುದಿಲ್ಲ, ಹಿಮ್ಮಡಿ ಮಳೆಗಾಲದಲ್ಲಿ ನೋಯುತ್ತದಂತೆ. ಗೇಟಿನ ಕೋಣೆಯಲ್ಲಿ ಗಾಯದ ಪುಸ್ತಕ ಇರುವುದು ಅವರ ಹತ್ತಿರ. ರಾತ್ರಿ ಪಾಳಿಯವರು ಬಂದು ಹೇಳಿದ್ದನ್ನು, ಹೇಳಲು ಹಿಂಜರಿದದ್ದನ್ನೂ ಕೇಳಿ, ಬರೆದುಕೊಳ್ಳುತ್ತಾರೆ.